ಕೊಟ್ಟಿಗೆ ನೊಣಕ್ಕೆ ಅಂಟುಪಟ್ಟಿ: ಎಲ್ಲಿ ಕಟ್ಟಬೇಕು?

ನಮ್ಮ ಕೋಲಾರದ ಕಡೆ ಟೊಮೆಟೊ ತೋಟದಲ್ಲಿ ಬಿಳಿನೊಣಕ್ಕೆ ಹಳದಿ ಅಂಟುಹಾಳೆ ಕಟ್ಟುವುದು ಎಲ್ಲರಿಗೂ ಗೊತ್ತು. ನಾನು ಅಂಟನ್ನು ಕೊಟ್ಟಿಗೆಗೂ ತಂದೆ. ಹಾಲು ಕರೆಯುವ ಜಾಗದಲ್ಲಿ ಪದೇಪದೇ ಔಷಧಿ ಹೊಡೆಯಲು ಮನಸ್ಸು ಬರುವುದಿಲ್ಲ. ಒಂದೇ ಔಷಧಿ ಹೊಡೆಯುತ್ತಾ ಹೋದರೆ ನೊಣಗಳು ಅದಕ್ಕೆ ಜಗ್ಗುವುದೂ ಇಲ್ಲ.

ಮೊದಲು ಯಾವ ನೊಣ ಅಂತ ನೋಡಿ. ಮನೆನೊಣ ಹಸುವಿನ ಕಣ್ಣು, ಮೂಗು, ಗಾಯದ ಮೇಲೆ ಕೂರುತ್ತದೆ, ಕಚ್ಚುವುದಿಲ್ಲ. ಇನ್ನೊಂದು ನೋಡಲು ಹಾಗೇ ಇರುತ್ತದೆ, ಆದರೆ ಮೂತಿಯ ಮುಂದೆ ಕಪ್ಪು ಸೂಜಿಯಂಥದ್ದು ಚಾಚಿರುತ್ತದೆ. ಕಾಲಿಗೆ ಕೂತು ರಕ್ತ ಹೀರುವುದು ಇದೇ. ಕರೆಯುವಾಗ ಹಸು ಸುಮ್ನೆ ನಿಲ್ಲದೆ ಕಾಲು ಕುಟ್ಟುತ್ತಿದ್ದರೆ ನನ್ನ ಮೊದಲ ಅನುಮಾನ ಇದರ ಮೇಲೆ.

ಮನೆನೊಣ ರಾತ್ರಿ ತೊಲೆ, ವೈರು, ನೇತಾಡುವ ಹಗ್ಗದ ಮೇಲೆ ಮಲಗುತ್ತದೆ. ಕತ್ತಲಾದ ಮೇಲೆ ಟಾರ್ಚ್ ಬಿಟ್ಟು ನೋಡಿದರೆ ಗುಂಪು ಕಾಣುತ್ತದೆ. ಹಗಲಲ್ಲಾದರೆ ಹಿಕ್ಕೆಯ ಕಪ್ಪು ಚುಕ್ಕೆಗಳೇ ಜಾಗ ತೋರಿಸುತ್ತವೆ. ಅಂಟುಪಟ್ಟಿ ಅಲ್ಲೇ ಕಟ್ಟಬೇಕು, ಹಸುವಿನ ಕೊಂಬು, ನಾಲಿಗೆ ತಾಗದಷ್ಟು ಎತ್ತರದಲ್ಲಿ. ಗೋದಲಿ ಮೇಲೆ ನೊಣ ಮುತ್ತಿದೆ ಅಂತ ಅಲ್ಲಿ ಕಟ್ಟಿದರೆ ಜಾಸ್ತಿ ಬೀಳುವುದಿಲ್ಲ.

ಕಚ್ಚುವ ನೊಣದ ಲೆಕ್ಕ ಬೇರೆ. ಅದು ಹಸುವಿನ ಮೇಲಿರುವುದು ಕೆಲವೇ ನಿಮಿಷ. ಹೊಟ್ಟೆ ತುಂಬಿದ ಮೇಲೆ ಬಿಸಿಲು ಬೀಳುವ ಗೋಡೆ, ಬೇಲಿಕಂಬದ ಮೇಲೆ ಕೂತಿರುತ್ತದೆ. ಹಾರುವುದೂ ಕೆಳಮಟ್ಟದಲ್ಲೇ. ಅದಕ್ಕೆ ಹೊರಗೆ, ಮೊಣಕಾಲಿನಿಂದ ಸೊಂಟದ ಎತ್ತರದಲ್ಲಿ, ಅಂಟು ಸವರಿದ ಬಿಳಿ ಹಲಗೆ ನಿಲ್ಲಿಸುತ್ತೇನೆ. ಕರುಗಳು ನೆಕ್ಕದ ಹಾಗೆ ಅಡ್ಡ ಕಟ್ಟುವುದನ್ನು ಮರೆಯಬೇಡಿ.

ಅಂಟಿಗೆ ದೊಡ್ಡ ಶತ್ರು ದೂಳು. ಮೇವು ಕತ್ತರಿಸುವ ಮೆಷಿನ್ ಹತ್ತಿರ ಕಟ್ಟಿದ ಪಟ್ಟಿಯನ್ನು ಬೆರಳಲ್ಲಿ ಮುಟ್ಟಿದರೆ ಹೊಟ್ಟು ಮೆತ್ತಿದ ಕಾಗದದ ಹಾಗಿರುತ್ತದೆ, ಹಿಡಿತವೇ ಇಲ್ಲ. ಪಟ್ಟಿ ತುಂಬುವುದನ್ನೇ ಕಾಯದೆ, ಅಂಟು ಸತ್ತ ತಕ್ಷಣ ಬದಲಿಸುತ್ತೇನೆ. ಕೆಲವೊಮ್ಮೆ ಪಾಪ, ಹಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಎಳೆದರೆ ಚರ್ಮ ಕಿತ್ತುಬರುತ್ತದೆ. ಅಡುಗೆ ಎಣ್ಣೆ ಹನಿ ಹನಿಯಾಗಿ ಬಿಟ್ಟರೆ ಅಂಟು ಸಡಿಲವಾಗಿ, ಮೆಲ್ಲಗೆ ಬಿಡಿಸಿಕೊಳ್ಳುತ್ತದೆ.

ಪಟ್ಟಿಯಿಂದ ನನಗೆ ಸಿಕ್ಕ ಇನ್ನೊಂದು ಲಾಭ, ನೊಣ ಎಲ್ಲಿ ಹುಟ್ಟುತ್ತಿದೆ ಅಂತ ಹುಡುಕಲು ಅದು ದಾರಿ ತೋರಿಸುತ್ತದೆ. ಒಳಗಿನ ಪಟ್ಟಿ ಬೇಗ ಕಪ್ಪಾದರೆ ತಿಪ್ಪೆ, ಸಗಣಿ ಗುಂಡಿ ನೋಡುತ್ತೇನೆ. ಹೊರಗಿನ ಹಲಗೆ ತುಂಬಿದರೆ ಗಂಜಲದಲ್ಲಿ ನೆನೆದು ಕೊಳೆತ ಮೇವು ಎಲ್ಲೋ ಉಳಿದಿದೆ ಅಂತ ಅರ್ಥ. ಗೋದಲಿ ಬುಡ, ನೀರಿನ ತೊಟ್ಟಿಯ ಹಿಂದೆ, ಕರುಗಳ ಮೂಲೆ, ಇವೇ ಅದರ ಅಡ್ಡೆ. ಬಿಸಿಲುಗಾಲದಲ್ಲಿ ಮನೆನೊಣದ ಮೊಟ್ಟೆ ರೆಕ್ಕೆಯ ನೊಣವಾಗಲು 7ರಿಂದ 10 ದಿನ ಸಾಕು. ಆದ್ದರಿಂದ ವಾರಕ್ಕೆ 2 ಸಲ ಈ ಮೂಲೆಗಳನ್ನು ಕೆರೆದು ಒಣಗಿಸುತ್ತೇವೆ, ತಿಪ್ಪೆಗೆ ಪ್ಲಾಸ್ಟಿಕ್ ಹೊದಿಸುತ್ತೇವೆ. ಈ ಕೆಲಸ ಬಿಟ್ಟರೆ ಎಷ್ಟು ಪಟ್ಟಿ ಕಟ್ಟಿದರೂ ಅಂಗಡಿಯವನಿಗೇ ಲಾಭ.