ಜ್ಯಾಕ್‌ನ ಗ್ಲಾಸು

ಐರ್ಲೆಂಡಿನ ಡಬ್ಲಿನ್‌ಗೆ ಕೆಲಸಕ್ಕೆ ಬಂದ ಮೇಲೂ ನಾಟಕದ ಹುಚ್ಚು ಬಿಡಲಿಲ್ಲ. ಸಂಜೆಯ ಒಂದು ನಟನೆ ಕ್ಲಾಸಿಗೆ ಸೇರಿಕೊಂಡೆ. ಅಲ್ಲಿ ನನ್ನ ಪಾಲಿಗೆ ಬಂದದ್ದು ಐರಿಶ್ ನಾಟಕಕಾರ ಕಾನರ್ ಮ್ಯಾಕ್‌ಫರ್ಸನ್ ಅವರ 'ದ ವಿಯರ್' ನಾಟಕದ ಜ್ಯಾಕ್‌ನ ಪಾತ್ರ. ಅದರಲ್ಲೂ ಅವನ ಕೊನೆಯ ಉದ್ದ ಮಾತು.

ಹಳ್ಳಿಯೊಂದರ ಸಣ್ಣ ಪಬ್, ಗಾಳಿ ಬೀಸುವ ರಾತ್ರಿ, ನಾಲ್ಕು ಜನ ಗಂಡಸರು. ಡಬ್ಲಿನ್‌ನಿಂದ ಬಂದ ವ್ಯಾಲೆರಿ ಬಿಳಿ ವೈನ್ ಕೇಳಿದರೆ ಪಬ್ಬಿನವನು ಮನೆಯೊಳಗೆ ಹುಡುಕಿಕೊಂಡು ಹೋಗಬೇಕು, ಅಂಥ ಜಾಗ. ಅವಳ ಮುಂದೆ ಒಬ್ಬೊಬ್ಬರೇ ದೆವ್ವದ ಕಥೆ ಬಿಡುತ್ತಾರೆ. ಅದರಲ್ಲೂ ಪೈಪೋಟಿ. ಆಮೇಲೆ ಅವಳು ನೀರಿನಲ್ಲಿ ಮುಳುಗಿ ಹೋದ ತನ್ನ ಮಗಳ ಮಾತೆತ್ತುತ್ತಾಳೆ. ಇವರ ಬಾಯಿ ಕಟ್ಟಿಹೋಗುತ್ತದೆ.

ಕೊನೆಗೆ ಜ್ಯಾಕ್ ದೆವ್ವವೇ ಇಲ್ಲದ ಕಥೆ ಹೇಳುತ್ತಾನೆ. ಪ್ರೀತಿಸಿದವಳು ಡಬ್ಲಿನ್‌ಗೆ ಹೊರಟಳು, ಇವನು ಊರಲ್ಲೇ ಉಳಿದ. ಅವಳು ಬೇರೆಯವನನ್ನು ಮದುವೆಯಾದಳು, ಇವನು ಆ ಮದುವೆಗೂ ಹೋದ. ಅವತ್ತು ಒಂದು ಪಬ್ಬಿನಲ್ಲಿ ಕೂತಿದ್ದಾಗ ಬಾರ್‌ನವನು ಇವನಿಗೊಂದು ಸ್ಯಾಂಡ್‌ವಿಚ್ ಮಾಡಿಕೊಟ್ಟ. ಅಷ್ಟೇ ಕಥೆ. 1997ರಲ್ಲಿ ಇದು ರಂಗಕ್ಕೆ ಬಂದಾಗ ಬರೆದವರಿಗೆ ಇನ್ನೂ 25 ವರ್ಷ. ಐವತ್ತು ದಾಟಿದ ಒಂಟಿ ಗಂಡಸಿನ ಒಳಗಿನದು ಅವರಿಗೆ ಹೇಗೆ ಗೊತ್ತಾಯಿತೋ!

ನಾನು ಊರಿನ ಪೌರಾಣಿಕ ನಾಟಕದಲ್ಲಿ ಭೀಮನಾಗಿ ಗದೆ ಬೀಸಿ ಬೆಳೆದವನು. ನಮ್ಮ ಭೀಮ ಸಿಟ್ಟಾದರೂ ಅತ್ತರೂ ಕೊನೆಯ ಸಾಲಿನವರೆಗೆ ಕೇಳಬೇಕು. ಹಾಗಾಗಿ ಮೊದಲ ದಿನ ಮದುವೆಯ ಮಾತು ಬರುತ್ತಲೇ ಗಂಟಲು ಬಿಗಿದು ಅತ್ತುಬಿಟ್ಟೆ. ಚಪ್ಪಾಳೆ ಬೀಳುತ್ತೆ ಅಂದುಕೊಂಡೆ. ಟೀಚರ್ ಕೇಳಿದ್ದು ಒಂದೇ ಪ್ರಶ್ನೆ: "ನಿನ್ನ ಗ್ಲಾಸ್ ಎಲ್ಲಿ?"

ಅಳುವ ಭರದಲ್ಲಿ ಗ್ಲಾಸನ್ನು ಮೇಜಿನ ಮೇಲೆ ಇಟ್ಟು ಮರೆತಿದ್ದೆ.

ಮನೆಗೆ ಬಂದು ಪೆನ್ಸಿಲ್ ಹಿಡಿದು ಕೂತೆ. ಜ್ಯಾಕ್ ತಮಾಷೆ ಮಾಡುವ ಜಾಗಕ್ಕೆಲ್ಲ ಗುರುತು ಹಾಕಿದೆ. ನೋವಿನ ಮಾತು ಹತ್ತಿರ ಬಂತು ಅಂದರೆ ಪಕ್ಕದಲ್ಲೇ ಒಂದು ಗುರುತು ಬೀಳುತ್ತಿತ್ತು. ಮಾರನೆಯ ದಿನದಿಂದ ಅಡುಗೆಮನೆಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಮಾತು ಒಪ್ಪಿಸಿದೆ. ಕಣ್ಣು ಬ್ರೆಡ್ಡಿನ ಮೇಲೆ, ಬಾಯಲ್ಲಿ ಮದುವೆ. ಸ್ಯಾಂಡ್‌ವಿಚ್ಚಿನ ಜಾಗ ಬಂದಾಗ ಚಾಕು ತಾನಾಗಿಯೇ ನಿಧಾನವಾಯಿತು. ಒಂದು ವಾರ ಬರೀ ಸ್ಯಾಂಡ್‌ವಿಚ್ಚೇ ತಿಂದೆ ಅನ್ನಿ.

ಪಬ್ಬುಗಳಲ್ಲೂ ಸುಮ್ನೆ ಕೂತು ನೋಡಿದೆ. ಬಾರ್ ಮುಂದಿನ ಗಂಡಸರು ಭುಜಕ್ಕೆ ಭುಜ ತಾಗಿಸಿ ಕೂರುತ್ತಾರೆ. ಮುಖ ನೋಡುವುದು ಕಡಿಮೆ, ಎದುರಿನ ಬಾಟಲಿಗಳ ಜೊತೆ ಮಾತಾಡಿದ ಹಾಗಿರುತ್ತದೆ. ಅದನ್ನೇ ಕದ್ದೆ.

ಕ್ಲಾಸಿನಲ್ಲಿ ಮಾರ್ಕ್ ಓ'ರೋ ಅವರ 1999ರ 'ಹೋವಿ ದ ರೂಕಿ'ಯನ್ನೂ ಓದಿದೆವು. ಡಬ್ಲಿನ್‌ನ ಹುಡುಗರು, ಕಜ್ಜಿ ಹಿಡಿಸಿದ ಒಂದು ಹಾಸಿಗೆಯಿಂದ ಶುರುವಾಗುವ ಹೊಡೆದಾಟ. ಅಲ್ಲೂ ಇಬ್ಬರ ಎರಡು ಒಂಟಿ ಮಾತುಗಳು. ಈ ಗಂಡಸರಿಗೆ ಕತ್ತಲಲ್ಲಿ ಕೂತ ಪ್ರೇಕ್ಷಕರ ಮುಂದೆ ಬರುವಷ್ಟು ಮಾತು ಎದುರಿಗಿರುವವರ ಹತ್ತಿರ ಬರುವುದಿಲ್ಲ.

ವ್ಯಾಲೆರಿಯ ಪಾತ್ರ ಮಾಡುತ್ತಿದ್ದ ಹುಡುಗಿಗೆ ಗಂಡಸರ ಈ ಕಥೆಗಳೆಲ್ಲ ಸಾಕಾಗಿತ್ತು. 2015ರಲ್ಲಿ ಐರ್ಲೆಂಡಿನ ರಾಷ್ಟ್ರೀಯ ರಂಗಮಂದಿರ ಆ್ಯಬಿ ಥಿಯೇಟರ್, ಬ್ರಿಟಿಷರ ವಿರುದ್ಧದ 1916ರ ದಂಗೆಯ ಶತಮಾನೋತ್ಸವಕ್ಕೆ ಆಡಿಸುವುದಾಗಿ ಘೋಷಿಸಿದ 10 ನಾಟಕಗಳಲ್ಲಿ ಹೆಣ್ಣು ಬರೆದದ್ದು ಒಂದೇ. ರಂಗಭೂಮಿಯಲ್ಲಿ ಹೆಣ್ಣಿಗೂ ಸಮಪಾಲು ಬೇಕೆಂದ 'ವೇಕಿಂಗ್ ದ ಫೆಮಿನಿಸ್ಟ್ಸ್' ಚಳವಳಿ ಎದ್ದದ್ದೇ ಅದರಿಂದ. ಅವಳು ನೇರವಾಗಿ ಕೇಳಿದಳು: "ನನ್ನ ಮಗು ಸತ್ತದ್ದನ್ನು ಈಗಷ್ಟೇ ಹೇಳಿದ್ದೀನಿ. ನೀನು ಸ್ಯಾಂಡ್‌ವಿಚ್ ಕಥೆ ಹೇಳ್ತೀಯ. ನಾನು ಯಾಕೆ ಕೇಳಬೇಕು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಕೇಳಿದ್ದು ಸರಿಯೇ ಅಲ್ವಾ? ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: ಅವಳು ಕೊಟ್ಟಿದ್ದಕ್ಕೆ ಪ್ರತಿಯಾಗಿ ಕೊಡಲು ಜ್ಯಾಕ್ ಹತ್ತಿರ ಇರುವುದು ಇದೊಂದೇ. ಅದು ಎಷ್ಟು ಚಿಕ್ಕದು ಅನ್ನುವುದೂ ಅವನಿಗೆ ಗೊತ್ತು. ಅಲ್ಲಿಂದ ಇಡೀ ಮಾತಿನ ದನಿ ತಗ್ಗಿತು.

ಪ್ರದರ್ಶನದ ದಿನ ಪೂರ್ತಿ ಗ್ಲಾಸು ನೋಡಿಕೊಂಡೇ ಹೇಳಿದೆ. ಬ್ರೆಡ್ಡಿನ ಮಾತು ಬಂದಾಗ ಮಾತ್ರ ಅವಳ ಕಡೆ ತಿರುಗಿದೆ. ಅವಳು ನಗಲಿಲ್ಲ, ತಲೆಯಾಡಿಸಲೂ ಇಲ್ಲ. ನನ್ನ ಗ್ಲಾಸು ಖಾಲಿಯಾಗಿದ್ದನ್ನು ನೋಡುತ್ತಿದ್ದಳು.