ಕದ್ದ ಯಕ್ಷಗಾನದ ವಿಡಿಯೊ ತೆಗೆದುಹಾಕಿಸಿದ್ದು: ನನ್ನ ಅನುಭವ

ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆಯ ಯಕ್ಷಗಾನ ಆಟಗಳನ್ನು ಚಿತ್ರೀಕರಿಸುವ ನಮ್ಮಲ್ಲಿ ಹೆಚ್ಚಿನವರು, ನಮ್ಮ ವಿಡಿಯೊವನ್ನು ಬೇರೆಯವರು ಎತ್ತಿ ತಮ್ಮ ಚಾನೆಲ್‌ಗೆ ಹಾಕಿಕೊಂಡರೆ ಸುಮ್ಮನಿದ್ದುಬಿಡುತ್ತಾರೆ. ನನ್ನ ವಿಡಿಯೊಗಳನ್ನು ಹಾಗೆ ಹಾಕಿಕೊಂಡ ಚಾನೆಲ್ ಒಂದರ ಮೇಲೆ ವಿಡಿಯೊ ಜಾಲತಾಣದ ಕಂಪನಿಗೆ ಲಿಖಿತ ದೂರು ಕೊಡುತ್ತೇನೆ ಎಂದಾಗ ಶಿರಸಿಯ ಗೆಳೆಯರು, “ಅಷ್ಟು ದೊಡ್ಡ ಕಂಪನಿಯವರು ನಿಮ್ಮ ಕಾಗದ ಓದುತ್ತಾರೆಯೇ ಮಾರಾಯ್ರೆ?” ಎಂದು ಕೇಳಿದ್ದರು. ಕಂಪನಿಯವರು ಓದಿದರು, ಇಪ್ಪತ್ತರಷ್ಟು ಆಟಗಳು ಆ ಚಾನೆಲ್‌ನಿಂದ ಇಳಿದವು.

ಅದಕ್ಕೆ ಮೊದಲು ಮಾಡಿದ್ದೆಲ್ಲ ವ್ಯರ್ಥವಾಗಿತ್ತು. ಪರದೆಯ ಮೂಲೆಯಲ್ಲಿ ಹೆಸರು ಹಾಕಿದರೆ ಅವರು ಚಿತ್ರವನ್ನು ಹಿಗ್ಗಿಸಿ ಮೂಲೆಯನ್ನೇ ಕತ್ತರಿಸಿದರು, ವೇಷಧಾರಿಯ ತಲೆಯುಡುಗೆಯಾದ ಕೇದಗೆ ಮುಂದಲೆಯ ತುದಿಯೂ ಅದರೊಂದಿಗೆ ಹೋಯಿತು. ನಡುವೆ ಹಾಕಿದರೆ ನನ್ನ ಪ್ರೇಕ್ಷಕರೇ ಬೇಸರಪಟ್ಟರು. ಕದ್ದ ವಿಡಿಯೊ ತೆಗೆಯಿರಿ ಎಂದು ಕೇಳುವ ಜಾಲತಾಣದ ಸಿದ್ಧ ಅರ್ಜಿ 1998ರ ಅಮೆರಿಕದ ಕಾಯ್ದೆಗೆ ತಕ್ಕಂತೆ ರೂಪಿಸಿದ್ದು; ಎದುರಿನವರು ಇದು ತಮ್ಮದೇ ಎಂದು ಪ್ರತಿ ಹೇಳಿಕೆ ಕೊಟ್ಟರೆ, ನಾವು ನ್ಯಾಯಾಲಯಕ್ಕೆ ಹೋಗದಿದ್ದಲ್ಲಿ, ಹತ್ತರಿಂದ ಹದಿನಾಲ್ಕು ಕೆಲಸದ ದಿನಗಳಲ್ಲಿ ವಿಡಿಯೊ ಮರಳುತ್ತದೆ. ನನಗೆ ಆದದ್ದೂ ಅದೇ.

ವಿಡಿಯೊಗಳನ್ನು ಹೋಲಿಸಿ ನಕಲನ್ನು ತಾನಾಗಿ ಹಿಡಿಯುವ ಯಂತ್ರದಿಂದ ಕದ್ದವರು ಹೇಗೆ ತಪ್ಪಿಸಿಕೊಳ್ಳುತ್ತಾರೆಂದು ತಿಳಿಯಲು ಒಂದು ರಾತ್ರಿ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಕೇಳಿದೆ. ಕಪ್ಪು ಒಂದರ ಶ್ರುತಿಯಲ್ಲಿ ಹಾಡಿದ್ದ ಭಾಗವತರು ಅವರ ಪ್ರತಿಯಲ್ಲಿ ಅರ್ಧ ಸ್ವರ ಮೇಲಿನ ಬಿಳಿ ಎರಡರಲ್ಲಿದ್ದರು. ಅಂದರೆ ವೇಗವನ್ನು ಸುಮಾರು ಶೇ. 6ರಷ್ಟು ಏರಿಸಿ, ಒಂದು ಗಂಟೆಯದ್ದನ್ನು 57 ನಿಮಿಷದೊಳಗೆ ತಂದಿದ್ದರು. ಅದೇ ವೇಗಕ್ಕೆ ಏರಿಸಿದ ನನ್ನ ಪ್ರತಿಯನ್ನು ಪಕ್ಕದಲ್ಲಿಟ್ಟಾಗ ಚಂಡೆಯ ಒಂದೊಂದು ಪೆಟ್ಟೂ ಕೂಡಿಬಂತು. ನಂತರ ದೂರಿಗೆ ಇದೇ ಗಟ್ಟಿಯಾದ ಸಾಕ್ಷಿಯಾಯಿತು.

ಕೊನೆಗೆ ಕೈಹಿಡಿದದ್ದು ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಸಿ) ಕಲಮು ಮತ್ತು 2013ರ ನಿಯಮಗಳಲ್ಲಿನ 75ನೆಯದು. ಸರಿಯಾದ ಲಿಖಿತ ದೂರು ಬಂದರೆ ಕಂಪನಿಯು 36 ಗಂಟೆಗಳೊಳಗೆ ಆ ವಿಡಿಯೊ ಸಿಗದಂತೆ ಮಾಡಬೇಕು. ದೂರುದಾರನು ದಾವೆ ಹೂಡಿ 21 ದಿನಗಳಲ್ಲಿ ನ್ಯಾಯಾಲಯದ ಆದೇಶ ತರುವುದಾಗಿ ಮುಚ್ಚಳಿಕೆ ಕೊಡಬೇಕು. ಇಡೀ ಚಾನೆಲ್ಲೇ ಕದ್ದದ್ದು ಎಂದು ಬರೆದರೆ ಸಾಲದು, ಏಕೆಂದರೆ ಕಂಪನಿಗೆ ಸಾಮಾನ್ಯ ಅರಿವಿದ್ದರೆ ಸಾಲದು, ನಿರ್ದಿಷ್ಟ ತಿಳಿವಳಿಕೆ ಇರಬೇಕೆಂದು 2016ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಮೈಸ್ಪೇಸ್ ಎಂಬ ಜಾಲತಾಣದ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಪ್ರತಿಯೊಂದು ಕೊಂಡಿಯನ್ನೂ ನಿಮಿಷ ಸಮೇತ ಬರೆದೆ.

ಕಾನೂನಿನ ಕಣ್ಣಿಗೆ ನಮ್ಮ ವಿಡಿಯೊ ಒಂದು ಸಿನಿಮಾಟೋಗ್ರಾಫ್ ಚಿತ್ರ, ಅದರ ಹಕ್ಕು ನಿರ್ಮಾಪಕನದು. ಆದರೆ ವೇಷ ಹಾಕುವ ಮುಮ್ಮೇಳ, ಹಾಡಿ ಬಾರಿಸುವ ಹಿಮ್ಮೇಳದ ಕಲಾವಿದರಿಗೂ ಪ್ರದರ್ಶಕರ ಹಕ್ಕಿದೆ. ಅವರ ಸಹಿಯಿಲ್ಲದೆ ನಾವು ದೂರು ಕೊಡಲು ಹೊರಟರೆ ನಮ್ಮ ಕಾಲಡಿಯೇ ನೆಲವಿರುವುದಿಲ್ಲ. ಈಗ ಬಣ್ಣ ಹಚ್ಚುವ ಚೌಕಿಯಲ್ಲಿಯೇ ಸಹಿ ಪಡೆಯುತ್ತೇನೆ, ಜಾಹೀರಾತಿನ ಹಣದಲ್ಲಿ ಪಾಲನ್ನೂ ಬರೆದುಕೊಡುತ್ತೇನೆ. ಅದು ಅವರಿಗೆ ನ್ಯಾಯವಾಗಿ ಸಲ್ಲಬೇಕಾದದ್ದು.

ಖರ್ಚಿನ ವಿಷಯಕ್ಕೆ ಬಂದರೆ, ಕಾರವಾರದ ವಕೀಲರಿಗೆ ಎಂಟು ಸಾವಿರದಷ್ಟು, ಓಡಾಟ ಮತ್ತು ಕಾಗದಪತ್ರಕ್ಕೆ ಮೂರು ನಾಲ್ಕು ಸಾವಿರ ಆಗಿರಬಹುದು. ಕೃತಿಸ್ವಾಮ್ಯದ ನೋಂದಣಿ ಮಾಡಿಸಲಿಲ್ಲ, ಚಿತ್ರವೊಂದಕ್ಕೆ 5,000 ರೂಪಾಯಿ ಶುಲ್ಕ, ಹಕ್ಕಿಗೆ ಅದು ಕಡ್ಡಾಯವೂ ಅಲ್ಲ. ಕಾಯ್ದೆಯ 62ನೆಯ ಕಲಮಿನಂತೆ ನಾವು ವಾಸಿಸುವ ಜಿಲ್ಲೆಯಲ್ಲಿಯೇ ದಾವೆ ಹೂಡಬಹುದಾದ್ದರಿಂದ ಕಾರವಾರದಲ್ಲಿ ಹಾಕಲು ಅರ್ಜಿ ಸಿದ್ಧವಾಗಿತ್ತು. ಎದುರಿನವರು ಅದಕ್ಕೆ ಮೊದಲೇ ಲಿಖಿತವಾಗಿ ಒಪ್ಪಿ ಎಲ್ಲವನ್ನೂ ಅಳಿಸಿದರು.

ಹರಿದುಬರುವ ಎಲ್ಲ ವಿಡಿಯೊಗಳನ್ನೂ ಮೊದಲೇ ಪರೀಕ್ಷಿಸಲಾಗದು ಎಂಬ ಕಂಪನಿಗಳ ವಾದವನ್ನು ನಾನು ಒಪ್ಪುವುದಿಲ್ಲ. ಯೂಟ್ಯೂಬಿನಲ್ಲಿ ದೊಡ್ಡ ಸಂಗೀತ ಸಂಸ್ಥೆಗಳ ಪರವಾಗಿ ಹುಡುಕುವ ಕಂಟೆಂಟ್ ಐಡಿ ಎಂಬ ವ್ಯವಸ್ಥೆ 2007ರಿಂದಲೇ ಇದೆ. ಯುರೋಪಿಯನ್ ಒಕ್ಕೂಟ 2019ರ ಕೃತಿಸ್ವಾಮ್ಯ ನಿರ್ದೇಶನದಲ್ಲಿ ಹೊಣೆಯನ್ನು ವೇದಿಕೆಗಳ ಮೇಲೆಯೇ ಹೊರಿಸಿದೆ. ನಮ್ಮಲ್ಲಿ ಹುಡುಕುವ ಕೆಲಸ ಇನ್ನೂ ಚಿತ್ರೀಕರಿಸಿದವನದೇ.

ಕಲಾವಿದರ ಒಪ್ಪಿಗೆ ಪತ್ರದ ಮಾದರಿಯನ್ನು ಕೇಳಿದವರಿಗೆ ಕೊಡುತ್ತೇನೆ. ಧ್ವನಿಯೊಳಗೆ ನಾನು ಸೇರಿಸುವ ಗುರುತು ಎಲ್ಲಿರುತ್ತದೆ ಎಂಬುದನ್ನು ಮಾತ್ರ ಹೇಳಲಾರೆ; ವೇಗ ಬದಲಿಸಿದರೂ ಅದು ಅಳಿಯುವುದಿಲ್ಲ.