ನೀಲಿ ಹಗ್ಗ ಮತ್ತು ನಮ್ಮ ಕೆಂಪಿ

ನಾಗರಬಾವಿಯ ನಮ್ಮ ರಸ್ತೆಯ ತುದಿಯಲ್ಲಿ ಒಂದು ಮನೆ ಕಟ್ಟುತ್ತಿದ್ದರು. ಕಬ್ಬಿಣ, ಸಿಮೆಂಟು ಕಳುವಾಗಬಾರದು ಅಂತ ಸೈಟಿನಲ್ಲಿ ಒಂದು ನಾಯಿಮರಿ ಕಟ್ಟಿದ್ದರು. ಗೃಹಪ್ರವೇಶ ಆಯ್ತು, ಕೆಲಸದವರು ಶೆಡ್ಡು ಕಿತ್ತುಕೊಂಡು ಹೋದರು, ನಾಯಿ ಉಳಿಯಿತು. ಒಂದು ದಿನ ಬೆಳಿಗ್ಗೆ ಹಾಲು ತರೋಕೆ ಹೋದಾಗ ನಿಂತಿದ್ದ ಟೆಂಪೋ ಅಡಿಯಿಂದ ಕೊಳೆತ ವಾಸನೆ ಬಂತು. ಬಗ್ಗಿ ನೋಡಿದರೆ ಅದೇ ನಾಯಿ. ಕುತ್ತಿಗೆ ಸುತ್ತ ಗಾಯ, ಗಾಯದ ತುಂಬ ಹುಳ, ಕೊರಳಿಂದ ಗೇಣುದ್ದ ನೀಲಿ ಪ್ಲಾಸ್ಟಿಕ್ ಹಗ್ಗ ನೇತಾಡುತ್ತಿತ್ತು. ಮರಿಯಾಗಿದ್ದಾಗ ಕಟ್ಟಿದ ಹಗ್ಗ. ಯಾರೂ ಸಡಿಲ ಮಾಡಿರಲಿಲ್ಲ, ಕುತ್ತಿಗೆ ದಪ್ಪ ಆಗ್ತಾ ಆಗ್ತಾ ಅದು ಚರ್ಮ ಸೀಳಿಕೊಂಡು ಒಳಗೆ ಹೂತುಹೋಗಿತ್ತು. ಬೆನ್ನ ಮೇಲೆ ಹಳೇ ಬಾಸುಂಡೆ ಬೇರೆ.

ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಪಾಪ ಅಂತ ಕೈ ಚಾಚಿದೆ, ಕಚ್ಚಿತು. ನೋವಿನಲ್ಲಿರುವ ನಾಯಿ ಕಚ್ಚದೆ ಇನ್ನೇನು ಮಾಡುತ್ತೆ? ನಲ್ಲಿ ಕೆಳಗೆ ಕೈ ಹಿಡಿದು ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಓಡಿದೆ. ಗಾಯದ ಸುತ್ತ ಇಮ್ಯುನೋಗ್ಲೋಬುಲಿನ್ (ರೇಬಿಸ್ ವೈರಸ್ಸನ್ನು ತಕ್ಷಣ ತಡೆಯುವ ಸಿದ್ಧ ಪ್ರತಿಕಾಯ) ಚುಚ್ಚಿದರು, ಅದು ಮಾತ್ರ ಜೀವ ಹೋಗುವಷ್ಟು ನೋವು. ಆಮೇಲೆ ಅವತ್ತಿನಿಂದ ಶುರುಮಾಡಿ 3, 7, 14, 28ನೇ ದಿನ ಅಂತ ರೇಬಿಸ್ ಇಂಜೆಕ್ಷನ್, ಒಟ್ಟು ಐದು. ದಯವಿಟ್ಟು ಇದರಲ್ಲಿ ಒಂದನ್ನೂ ತಪ್ಪಿಸಬೇಡಿ.

ಎರಡನೇ ಸಲ ಬುದ್ಧಿ ಬಂದಿತ್ತು. ಪಕ್ಕದ ಮಟನ್ ಅಂಗಡಿಯ ಅಣ್ಣ ಜೊತೆಗೆ ಬಂದರು. ಬೇಯಿಸಿದ ಲಿವರ್ ತುಂಡು ಎಸೆದು ಎಸೆದು ಟೆಂಪೋ ಅಡಿಯಿಂದ ಈಚೆಗೆ ಕರೆಸಿ, ದಪ್ಪ ಕಂಬಳಿ ಹೊದಿಸಿ, ಇಬ್ಬರೂ ಸೇರಿ ಎತ್ತಿಕೊಂಡೆವು. ನಾಲ್ಕು ಆಟೋದವರು ಆಗಲ್ಲ ಅಂದರು. ಐದನೆಯವರು ವಾಸನೆಗೆ ಮೂಗು ಮುಚ್ಚಿಕೊಂಡೇ, "ಹತ್ಕೊಳ್ಳಿ ಸಾರ್, ಕೆಳಗೆ ಗೋಣಿಚೀಲ ಹಾಸ್ಕೊಳ್ಳಿ ಅಷ್ಟೇ" ಅಂದರು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ರಿಂಗ್ ರೋಡ್ ಟ್ರಾಫಿಕ್‌ನಲ್ಲಿ ಕಂಬಳಿ ತಬ್ಬಿಕೊಂಡು ಕೂತಿದ್ದು ಈಗಲೂ ನೆನಪಿದೆ.

ಅಲ್ಲಿ ಅರಿವಳಿಕೆ ಕೊಟ್ಟು ಹಗ್ಗ ಕತ್ತರಿಸಿದರು, ಚಿಮಟದಲ್ಲಿ ಒಂದೊಂದೇ ಹುಳ ತೆಗೆದರು. ತೂಕ 9 ಕೆಜಿ. ಆ ಮೈಕಟ್ಟಿಗೆ 15 ಆದರೂ ಇರಬೇಕಿತ್ತಂತೆ. ರಕ್ತ ಪರೀಕ್ಷೆಯಲ್ಲಿ ಉಣ್ಣೆ ಹುಳ ಕಚ್ಚಿ ಬರುವ ಟಿಕ್ ಫೀವರ್, ಎರಡು ಲಕ್ಷ ಇರಬೇಕಾದ ಪ್ಲೇಟ್‌ಲೆಟ್ 40 ಸಾವಿರ. 28 ದಿನ ಡಾಕ್ಸಿಸೈಕ್ಲಿನ್ ಅನ್ನೋ ಆ್ಯಂಟಿಬಯೋಟಿಕ್ ಮಾತ್ರೆ ಬರೆದುಕೊಟ್ಟರು. ನಾನು ಜಾಣ ಅಂದ್ಕೊಂಡು ಮಾತ್ರೆಯನ್ನು ಮೊಸರನ್ನದಲ್ಲಿ ಇಟ್ಟು ಕೊಡ್ತಿದ್ದೆ. ಡಾಕ್ಟರ್ ಮೇಡಂ ಚೆನ್ನಾಗಿ ಬೈದರು. ಹಾಲು ಮೊಸರಿನ ಜೊತೆ ಆ ಔಷಧಿ ಮೈಗೆ ಸರಿಯಾಗಿ ಹತ್ತಲ್ಲ, ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ. ಮತ್ತೆ ಲಿವರ್ ತುಂಡೇ ಗತಿ.

ಗಾಯಕ್ಕೆ ಹೊಲಿಗೆ ಹಾಕಲಿಲ್ಲ. ದಿನಾ ಸಲೈನ್‌ನಲ್ಲಿ ತೊಳೆದು ಮುಲಾಮು ಹಚ್ಚೋದು. ಗಾಯ ಕುತ್ತಿಗೆಯಲ್ಲೇ ಇದ್ದಿದ್ದರಿಂದ ಕೊರಳಿಗೆ ಕೋನ್ ಹಾಕುವ ಹಾಗಿಲ್ಲ, ಹಿಂಗಾಲಲ್ಲಿ ಕೆರೆದುಕೊಳ್ಳದೆ ಇರಲಿ ಅಂತ ನನ್ನ ಹಳೇ ಸಾಕ್ಸ್ ತೊಡಿಸಿದೆ. ಊಟ ಸ್ವಲ್ಪ ಸ್ವಲ್ಪ, ದಿನಕ್ಕೆ ಐದು ಸಲ. ಐದು ವಾರಕ್ಕೆ ಗಾಯ ಮಾಯಿತು.

ಈ ನಡುವೆ ಸ್ಟೇಷನ್ನಿಗೆ ದೂರು ಕೊಡೋಣ ಅನ್ನಿಸಿತ್ತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ದರ್ಶಿನಿಯಲ್ಲಿ ಒಂದು ಮಸಾಲೆ ದೋಸೆಗೂ ಸಾಲಲ್ಲ! ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್‌ನಲ್ಲಿ ಪ್ರಾಣಿಯನ್ನು ಕೊಂದರೆ, ಊನ ಮಾಡಿದರೆ 5 ವರ್ಷದವರೆಗೆ ಜೈಲು ಇದೆ. ಆದರೆ ಕಟ್ಟಿದವರು ಯಾರು ಅಂತ ಹೇಳೋದು? ಮೇಸ್ತ್ರಿ ಫೋನ್ ಸ್ವಿಚ್ ಆಫ್. ಬಿಟ್ಟುಬಿಟ್ಟೆ, ಅದಕ್ಕೆ ಈಗಲೂ ಸ್ವಲ್ಪ ಬೇಜಾರಿದೆ.

ನಿಜವಾದ ಕೆಲಸ ಆಮೇಲೆ ಶುರುವಾಯಿತು. ಕೆಂಪಿ (ಬಣ್ಣ ನೋಡಿ ಅಮ್ಮ ಇಟ್ಟ ಹೆಸರು) ವಾಷಿಂಗ್ ಮೆಷಿನ್ ಹಿಂದಿನಿಂದ ಈಚೆಗೇ ಬರುತ್ತಿರಲಿಲ್ಲ. ನಾನು ದಿನಾ ಸಂಜೆ ಅಲ್ಲಿ ಹೋಗಿ, ಅದಕ್ಕೆ ಬೆನ್ನು ಹಾಕಿ ಕೂತು, ಪೇಪರ್ ಓದುತ್ತಾ, ಆಗಾಗ ಹಿಂದಕ್ಕೆ ಒಂದು ತುಂಡು ಕೋಳಿ ಎಸೆಯುತ್ತಿದ್ದೆ. ಮಾತಿಲ್ಲ, ಮುಟ್ಟೋದಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡೋದೂ ಇಲ್ಲ. ಹನ್ನೆರಡನೇ ದಿನ ನನ್ನ ಅಂಗೈ ಪಕ್ಕದಿಂದಲೇ ಎತ್ತಿಕೊಂಡಿತು.

ಆದರೆ ಅಮ್ಮ ಬಟ್ಟೆ ಒಣಹಾಕೋಕೆ ಬಂದರೆ ಸಾಕು, ಕೂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. "ನಾನೇನೋ ಮಾಡಿದೀನಿ ಅದಕ್ಕೆ?" ಅಂತ ಅಮ್ಮನಿಗೆ ಅಳುವೇ ಬರ್ತಿತ್ತು. ಕೈ ಮೇಲೆತ್ತಿದರೆ ಹೊಡೆಯುತ್ತಾರೆ ಅಂದುಕೊಳ್ಳುತ್ತೆ ಅಂತ ನಾವೇ ತೀರ್ಮಾನ ಮಾಡಿ, ಅಮ್ಮ ಅಲ್ಲಿಗೆ ಬರೋದನ್ನೇ ನಿಲ್ಲಿಸಿದರು. ಒಂದು ದಿನ ಅಮ್ಮ ಊರಲ್ಲೇ ಇರಲಿಲ್ಲ. ಗಾಳಿಗೆ ಒಣಹಾಕುವ ಹಗ್ಗ ಅಲ್ಲಾಡಿತು, ಕೆಂಪಿ ಗಡಗಡ ನಡುಗಿತು. ಆಗ ತಲೆ ಎತ್ತಿ ನೋಡಿದೆ. ನೀಲಿ ಪ್ಲಾಸ್ಟಿಕ್ ಹಗ್ಗ! ಐದು ವಾರದಿಂದ ದಿನಾ ಅದರ ಕೆಳಗೇ ಕೂತು ಪೇಪರ್ ಓದಿದ್ದೆ. ಅವತ್ತೇ ಬಿಚ್ಚಿ ಸ್ಟೀಲ್ ಸ್ಟ್ಯಾಂಡ್ ತಂದೆ. ಮೂರನೇ ದಿನಕ್ಕೆ ಕೆಂಪಿ ಅಡುಗೆಮನೆ ಬಾಗಿಲಲ್ಲಿತ್ತು.

ಕುತ್ತಿಗೆಗೆ ಬೆಲ್ಟ್ ಹಾಕುವ ಮಾತೇ ಇಲ್ಲ, ಎದೆಗೆ ಕಟ್ಟುವ ಹಾರ್ನೆಸ್ ತಂದೆ. ಮೊದಲ ವಾರ ಅದನ್ನು ಸುಮ್ನೆ ಊಟದ ತಟ್ಟೆ ಪಕ್ಕ ಇಟ್ಟಿದ್ದೆ ಅಷ್ಟೇ. ಮೂರು ತಿಂಗಳ ನಂತರ ಮಕ್ಕಳಾಗದ ಆಪರೇಷನ್ ಮಾಡಿಸಿದೆ, ಲಸಿಕೆಗಳೂ ಮುಗಿದಿವೆ. ಈಗ 16 ಕೆಜಿ. ಕುತ್ತಿಗೆ ಸುತ್ತ ಒಂದು ಬೆರಳಗಲ ಕೂದಲು ಬಂದೇ ಇಲ್ಲ.

ಹೋದ ತಿಂಗಳು ಹಿಂದಿನ ರಸ್ತೆಯಲ್ಲಿ ಪಾಯ ತೋಡಿದರು. ಎರಡೇ ದಿನಕ್ಕೆ ಒಂದು ಮರಿ, ಕೊರಳಲ್ಲಿ ಹಗ್ಗ. ಅಗಲದ ಬಟ್ಟೆ ಬೆಲ್ಟ್ ಒಂದು ತಗೊಂಡು ಹೋಗಿ ವಾಚ್‌ಮ್ಯಾನ್‌ಗೆ ಕೊಟ್ಟು, ಒಳಗೆ ಎರಡು ಬೆರಳು ಆಡಬೇಕು ನೋಡಿ ಅಂತ ತೋರಿಸಿದೆ. "ಆಯ್ತು ಸಾರ್" ಅಂದರು. ಹದಿನೈದು ದಿನ ಬಿಟ್ಟು ಹೋದರೆ ಬೆರಳು ಒಂದೇ ಹೋಯ್ತು. ನಾನೇ ಇನ್ನೊಂದು ತೂತಿಗೆ ಸಡಿಲ ಮಾಡಿ ಬಂದೆ. ಈ ಭಾನುವಾರ ಮತ್ತೆ ಹೋಗಬೇಕು.